ಫಿಲ್ಮ್ ಸ್ಕ್ಯಾನರ್: ಹೊರದೇಶದಿಂದ ತರಿಸೋದಾ, ಇಲ್ಲೇ ಕೊಳ್ಳೋದಾ?

ಸ್ಟುಡಿಯೋ_ಮಗಳು (ಸಾಗರ)

ಎಲ್ಲರಿಗೂ ನಮಸ್ಕಾರ. ನಮ್ಮಪ್ಪ ಸಾಗರದಲ್ಲಿ 1974ರಿಂದ 2006ರವರೆಗೆ ಫೋಟೋ ಸ್ಟುಡಿಯೋ ನಡೆಸಿದವರು. ಮದುವೆ, ಉಪನಯನ, ಶಾಲೆಯ ಗ್ರೂಪ್ ಫೋಟೋ, ಎಲ್ಲವನ್ನೂ ತೆಗೆದಿದ್ದಾರೆ. ಅಂಗಡಿ ಮುಚ್ಚಿದಾಗ ನೆಗೆಟಿವ್‌ಗಳನ್ನೆಲ್ಲ ಎರಡು ಟ್ರಂಕಿಗೆ ತುಂಬಿ ಅಟ್ಟಕ್ಕೆ ಹಾಕಿದ್ದೆವು. ಹೋದ ತಿಂಗಳು ಇಳಿಸಿ ನೋಡಿದೆ. ಮಲೆನಾಡಿನ ಶೀತ ನಿಮಗೆ ಗೊತ್ತಲ್ವಾ. ಕೆಲವಕ್ಕೆ ಬೂಷ್ಟು ಹಿಡಿದಿದೆ, ಹೆಚ್ಚಿನವು ಚೆನ್ನಾಗಿವೆ.

ಅಪ್ಪನಿಗೆ ಈಗ 79. ಕಣ್ಣು ಮಂಜಾಗುತ್ತಾ ಬಂದಿದೆ. ಆದರೆ ಫೋಟೋ ತೋರಿಸಿದರೆ "ಇದು ಕೆಳದಿ ರಸ್ತೆಯ ಇಂಥವರ ಮನೆ ಮದುವೆ, ಆ ದಿನ ಮಳೆ" ಅಂತ ಹೇಳುತ್ತಾರೆ. ಅವರಿಗೆ ಕಾಣುವಷ್ಟು ದಿನದೊಳಗೆ ಇದನ್ನು ಸ್ಕ್ಯಾನ್ ಮಾಡಿ ದೊಡ್ಡ ಪರದೆಯಲ್ಲಿ ತೋರಿಸಿ, ಹೆಸರು ಬರೆದುಕೊಳ್ಳಬೇಕು. ಅದಕ್ಕೇ ಅವಸರ.

ಚಿಕ್ಕಪ್ಪನ ಮಗ ನ್ಯೂಜೆರ್ಸಿಯಲ್ಲಿದ್ದಾನೆ, ದಸರಾಕ್ಕೆ ಬರುತ್ತಾನೆ. ಎಪ್ಸನ್ ವಿ600 ಅಲ್ಲಿ ಅಗ್ಗ, ತರುತ್ತೇನೆ ಅಂದ. ಬೆಂಗಳೂರಿನ ಒಂದು ಅಂಗಡಿಯಲ್ಲಿ ಅದೇ ಸ್ಕ್ಯಾನರ್‌ಗೆ ಏಳು ಸಾವಿರ ಜಾಸ್ತಿ ಹೇಳಿದರು. ಇನ್ನೊಬ್ಬರು ಜಪಾನಿನಿಂದ ಹಳೇ ನಿಕಾನ್ ಸ್ಕ್ಯಾನರ್ ತರಿಸಿ ಅಂದರು. ನನ್ನ ಹತ್ತಿರ ಇರೋದು ಒಟ್ಟು 50,000 ರೂಪಾಯಿ. ಏನು ಮಾಡಲಿ?

ನೆಗೆಟಿವ್_ಪ್ರೀತಿ (ಬೆಂಗಳೂರು)

ಮೇಡಂ, ಎಲ್ಲಿ ಕೊಳ್ಳೋದು ಅನ್ನೋದು ಆಮೇಲೆ. ಮೊದಲು ಎರಡು ಸಂಗತಿ ಹೇಳಿ. ಟ್ರಂಕಿನಲ್ಲಿ ಯಾವ ಅಳತೆಯ ಫಿಲ್ಮ್ ಇದೆ? ಎಷ್ಟಿದೆ?

ಸಣ್ಣ ನೆಗೆಟಿವ್, ಎರಡೂ ಅಂಚಿನಲ್ಲಿ ತೂತು ಇದ್ದರೆ 35 ಎಂ.ಎಂ. ತೂತಿಲ್ಲದೆ ಅಗಲವಾಗಿ, ಹೆಚ್ಚು ಕಡಿಮೆ 6 ಸೆಂ.ಮೀ. ಚೌಕ ಇದ್ದರೆ ಅದು 120 ಫಿಲ್ಮ್. ಆ ಕಾಲದ ಸ್ಟುಡಿಯೋದವರ ಹತ್ತಿರ ಮೇಲಿನಿಂದ ಬಗ್ಗಿ ನೋಡುವ ಯಾಶಿಕಾ ಕ್ಯಾಮೆರಾ ಇರುತ್ತಿತ್ತಲ್ಲ, ಅದರಲ್ಲಿ ಹಾಕುತ್ತಿದ್ದ ರೋಲ್. ಸ್ಟುಡಿಯೋ ಅಂದಮೇಲೆ ಇದು ಇದ್ದೇ ಇರುತ್ತದೆ.

ಯಾಕೆ ಕೇಳುತ್ತಿದ್ದೇನೆ ಅಂದರೆ, ಪ್ಲಸ್‌ಟೆಕ್ 8100, 8200ಐ ಥರದ ಸ್ಕ್ಯಾನರ್‌ಗಳು 35 ಎಂ.ಎಂ. ಬಿಟ್ಟು ಬೇರೆ ಏನನ್ನೂ ತೆಗೆದುಕೊಳ್ಳುವುದಿಲ್ಲ. ತರಿಸಿದ ಮೇಲೆ ಗೊತ್ತಾದರೆ ಕಷ್ಟ.

ಸ್ಟುಡಿಯೋ_ಮಗಳು (ಸಾಗರ)

ಎರಡು ದಿನ ಕೂತು ಎಣಿಸಿದೆ ಸರ್. 35 ಎಂ.ಎಂ. ಸುಮಾರು 300 ರೋಲ್, ಆರಾರು ಫ್ರೇಮಿನ ಸ್ಟ್ರಿಪ್ ಕತ್ತರಿಸಿ ಕವರಿನಲ್ಲಿ ಹಾಕಿದ್ದಾರೆ. ಹೆಚ್ಚಿನವು ಕಲರ್. ಚೌಕದ ನೆಗೆಟಿವ್ ಸುಮಾರು 900, ಎಲ್ಲ ಕಪ್ಪು ಬಿಳುಪು. ಕೆಲವು ಡಬ್ಬಿ ಮೇಲೆ "ಇಂದು" ಅಂತ ಇದೆ.

ನೆಗೆಟಿವ್_ಪ್ರೀತಿ (ಬೆಂಗಳೂರು)

"ಇಂದು" ನೋಡಿ ಖುಷಿಯಾಯಿತು. ಊಟಿಯ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯದು ಅದು. ಆ ಕಾರ್ಖಾನೆ ಈಗಿಲ್ಲ. ಡಬ್ಬಿಗಳನ್ನು ದಯವಿಟ್ಟು ಎಸೆಯಬೇಡಿ.

ಈಗ ಲೆಕ್ಕಕ್ಕೆ ಬರೋಣ. 300 ರೋಲ್, ರೋಲ್‌ಗೆ 36 ಅಂದರೆ 10,800 ಫ್ರೇಮ್. ಒಂದಕ್ಕೆ 3 ನಿಮಿಷ ಅಂದುಕೊಂಡರೂ 540 ಗಂಟೆ. ದಿನಕ್ಕೆ 2 ಗಂಟೆ ಕೂತರೆ 270 ದಿನ. ನೀವು ಹೇಳಿದ ಅವಸರಕ್ಕೆ ಇದು ಹೊಂದುವುದಿಲ್ಲ. ಹಾಗಾಗಿ 35 ಎಂ.ಎಂ. ಪೂರ್ತಿ ಸ್ಕ್ಯಾನರ್‌ನಲ್ಲೇ ಮಾಡುವ ಯೋಚನೆ ಬಿಡಿ. ದಾರಿ ಬೇರೆ ಇದೆ, ಅದನ್ನು ಇಲ್ಲಿ ಯಾರಾದರೂ ಹೇಳುತ್ತಾರೆ.

120ರ ವಿಷಯದಲ್ಲಿ ವಿ600 ನಿಮಗೆ ಸಾಕು. ಡಬ್ಬದ ಮೇಲೆ 6,400 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ ಅನ್ನೋ ಲೆಕ್ಕ) ಅಂತ ಬರೆದಿರುತ್ತಾರೆ, ನಿಜಕ್ಕೂ ಸಿಗುವ ವಿವರ 1,500ರ ಆಸುಪಾಸು. 35 ಎಂ.ಎಂ. ಫ್ರೇಮಿಗೆ ಅದು ಸುಮಾರು 3 ಮೆಗಾಪಿಕ್ಸೆಲ್ ಅಷ್ಟೇ, 7 ಇಂಚಿನ ಪ್ರಿಂಟ್ ಬರುತ್ತದೆ. ಅದೇ ಚೌಕದ ನೆಗೆಟಿವ್ ದೊಡ್ಡದು ನೋಡಿ, ಅದೇ 1,500ರಲ್ಲಿ 11 ಇಂಚಿನ ಚೌಕ ಪ್ರಿಂಟ್ ಚೆನ್ನಾಗಿ ಬರುತ್ತದೆ. ಪ್ಲಸ್‌ಟೆಕ್‌ನಲ್ಲಿ ನಿಜವಾದ ವಿವರ 3,200ರ ಹತ್ತಿರ ಸಿಗುತ್ತದೆ. ಆದರೆ 120 ಹೋಗುವುದಿಲ್ಲ, ಒಂದೊಂದೇ ಫ್ರೇಮ್ ಕೈಯಲ್ಲಿ ತಳ್ಳಬೇಕು.

ಕುಡ್ಲ_ಕ್ಲಿಕ್ (ಮಂಗಳೂರು)

ಜಪಾನ್ ನಿಕಾನ್ ತರಿಸಿದವನು ನಾನೇ ಇದ್ದೇನೆ, ಹೇಳುತ್ತೇನೆ ಕೇಳಿ. ಕೂಲ್‌ಸ್ಕ್ಯಾನ್ 5000, ಹಳೇದು.

ಮೊದಲು ಒಳ್ಳೇದು. ಆ ಗುಣಮಟ್ಟ ಇಲ್ಲಿ ಯಾವ ಅಂಗಡಿಯಲ್ಲೂ ಹೊಸದಾಗಿ ಸಿಗುವುದಿಲ್ಲ. 4,000 ಡಿಪಿಐ ಅಂತ ಹೇಳಿ ಹತ್ತಿರಹತ್ತಿರ ಅಷ್ಟನ್ನೂ ಕೊಡುವ ಯಂತ್ರ. ನಿಕಾನ್ ಇವನ್ನು ಮಾಡುವುದು ನಿಲ್ಲಿಸಿ ಬಹಳ ವರ್ಷ ಆಯಿತು, ಹಾಗಾಗಿ ಹಳೇದೇ ಗತಿ.

ಇನ್ನು ಕಷ್ಟ. ಮಾರಾಟಗಾರ "ಪರೀಕ್ಷಿಸಿದೆ, ಸರಿ ಇದೆ" ಅಂತ ಬರೆದಿದ್ದ. ಕೊರಿಯರ್‌ನವರು ಕೆವೈಸಿ ಕೇಳಿದರು, ಕೊಟ್ಟೆ. ಆಮೇಲೆ ಬಿಲ್ಲಿನಲ್ಲಿ "ಬಳಸಿದ ವಸ್ತು" ಅಂತ ಇದ್ದದ್ದಕ್ಕೆ ಪ್ರಶ್ನೆ ಶುರುವಾಯಿತು. ಹದಿನೇಳು ದಿನ ಪಾರ್ಸೆಲ್ ನಿಂತಿತ್ತು. ಸ್ಕ್ಯಾನರ್ ಅನ್ನೋದು ಸರ್ಕಾರದ ಕಡ್ಡಾಯ ನೋಂದಣಿ ಆದೇಶದ ಪಟ್ಟಿಯಲ್ಲಿರುವ ವಸ್ತು, ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕೇಳಬಹುದು ಅನ್ನುವುದು ನನಗೆ ಆಗಲೇ ಗೊತ್ತಾದದ್ದು. ಸ್ವಂತ ಬಳಕೆಗೆ ಅಂತ ಪತ್ರ ಬರೆದುಕೊಟ್ಟೆ. ಕೊನೆಗೂ ಬಂತು. ಎಲ್ಲರಿಗೂ ಬರುತ್ತದೆ ಅಂತ ಭರವಸೆ ಕೊಡಲಾರೆ.

ಸುಂಕದ ಲೆಕ್ಕದಲ್ಲಿ ಜನ ಎಡವುವುದು ಎಲ್ಲಿ ಅಂದರೆ, ಬರೀ ಸ್ಕ್ಯಾನರ್ ಬೆಲೆಗೆ ಸುಂಕ ಅಂದುಕೊಳ್ಳುತ್ತಾರೆ. ಹಾಗಲ್ಲ. ಬೆಲೆ, ಸಾಗಣೆ, ವಿಮೆ ಮೂರೂ ಸೇರಿಸಿ ಅದರ ಮೇಲೆ ಸುಂಕ. ಸುಂಕವನ್ನೂ ಸೇರಿಸಿದ ಮೊತ್ತದ ಮೇಲೆ ಐಜಿಎಸ್‌ಟಿ, ಅಂದರೆ ಆಮದಿಗೆ ಹಾಕುವ ಜಿಎಸ್‌ಟಿ. ಉದಾಹರಣೆಗೆ ಸ್ಕ್ಯಾನರ್ 20,000, ಸಾಗಣೆ ವಿಮೆ ಸೇರಿ 6,000 ಅಂದುಕೊಳ್ಳಿ. ಒಟ್ಟು 26,000. ಲೆಕ್ಕಕ್ಕೆ ಸುಂಕ ಶೇ. 20 ಅಂತಿಟ್ಟರೆ 5,200. ಈಗ 31,200 ಆಯಿತು. ಅದರ ಮೇಲೆ ಶೇ. 18 ಅಂದರೆ 5,616. ಒಟ್ಟು 36,816. ಇದರ ಮೇಲೆ ಕೊರಿಯರ್‌ನವರ ಶುಲ್ಕ, ಬ್ಯಾಂಕಿನ ವಿದೇಶಿ ವಹಿವಾಟು ಶುಲ್ಕ. ಸುಂಕದ ದರ ಬಜೆಟ್‌ನಲ್ಲಿ ಬದಲಾಗುತ್ತಾ ಇರುತ್ತದೆ, ತರಿಸುವ ದಿನದ ದರ ನೋಡಿಕೊಳ್ಳಿ.

"ಗಿಫ್ಟ್ ಅಂತ ಬರೆಸಿಬಿಡಿ" ಅಂತ ಯಾರಾದರೂ ಹೇಳಿದರೆ ಕೇಳಬೇಡಿ. 2019ರ ಡಿಸೆಂಬರ್‌ನಲ್ಲಿ ಉಡುಗೊರೆಯ ವಿನಾಯಿತಿ ತೆಗೆದುಬಿಟ್ಟರು. ರಾಖಿ, ಜೀವ ಉಳಿಸುವ ಔಷಧಿ ಅಷ್ಟಕ್ಕೇ ಉಳಿದಿದೆ.

ಡಬ್ಬ ಬಿಚ್ಚಿ ಸ್ಕ್ಯಾನ್ ಮಾಡಿದರೆ ಬಿಳಿ ಇರುವ ಕಡೆಯೆಲ್ಲ ಹೊಗೆ ಹರಡಿದ ಹಾಗೆ. ಒಳಗಿನ ಕನ್ನಡಿ ಮೇಲೆ ವರ್ಷಗಳ ದೂಳು ಕೂತಿತ್ತು. ತೆಗೆಯೋರು ಮಂಗಳೂರಲ್ಲಿ ಸಿಗಲಿಲ್ಲ. ನಾನೇ ಬಿಚ್ಚಿದೆ, ಕೈ ನಡುಗಿತು. ಸರಿಯಾಯಿತು. ನಿಕಾನ್‌ನ ಸ್ವಂತ ಸಾಫ್ಟ್‌ವೇರ್ ಈಗಿನ ವಿಂಡೋಸ್‌ಗೆ ಬರುವುದಿಲ್ಲ, ವ್ಯೂಸ್ಕ್ಯಾನ್ ಅನ್ನೋ ಬೇರೆ ಸಾಫ್ಟ್‌ವೇರ್ ಕೊಂಡೆ. ಅದು ಚೆನ್ನಾಗಿ ಕೆಲಸ ಮಾಡುತ್ತದೆ.

ನನಗೆ ಪಶ್ಚಾತ್ತಾಪ ಇಲ್ಲ. ಆದರೆ ಅಕ್ಕಾ, ನಿಮ್ಮ 900 ಚೌಕದ ನೆಗೆಟಿವ್ ಇದರಲ್ಲಿ ಹೋಗುವುದೇ ಇಲ್ಲ. 120 ತೆಗೆದುಕೊಳ್ಳುವ ಕೂಲ್‌ಸ್ಕ್ಯಾನ್ 9000 ಬೇಕು. ಅದರ ಬೆಲೆ ನಿಮ್ಮ ಬಜೆಟ್ ದಾಟುತ್ತದೆ, ಮೇಲಾಗಿ ಫೈರ್‌ವೈರ್ ಅನ್ನೋ ಹಳೇ ಥರದ ಕೇಬಲ್ ಚುಚ್ಚುವ ಜಾಗ ಇರುವ ಕಂಪ್ಯೂಟರ್ ಬೇಕು.

ಸರ್ವಿಸ್_ಬೆಂಚ್ (ಹುಬ್ಬಳ್ಳಿ)

ನಾನು ಇಪ್ಪತ್ತು ವರ್ಷದಿಂದ ಪ್ರಿಂಟರ್, ಸ್ಕ್ಯಾನರ್ ರಿಪೇರಿ ಮಾಡುತ್ತಿದ್ದೇನೆ. ಮೇಲಿನವರು ಹೇಳಿದ್ದನ್ನು ತಳ್ಳಿಹಾಕುತ್ತಿಲ್ಲ. ಆದರೆ ಪಶ್ಚಾತ್ತಾಪ ಇಲ್ಲ ಅಂತ ಅವರು ಹೇಳಬಹುದು, ಯಾಕಂದರೆ ಕನ್ನಡಿ ಒರೆಸಿದಾಗ ಕೈ ತಪ್ಪಲಿಲ್ಲ. ತಪ್ಪಿದವರು ನನ್ನ ಬೆಂಚಿಗೆ ಬರುತ್ತಾರೆ.

ಹೊರಗಿನಿಂದ ಬಂದ ಸ್ಕ್ಯಾನರ್‌ಗಳಲ್ಲಿ ನಾನು ನೋಡುವ ಮೊದಲ ತೊಂದರೆ ಅಡಾಪ್ಟರ್. ಅಮೆರಿಕದಲ್ಲಿ 120 ವೋಲ್ಟ್, ಜಪಾನಿನಲ್ಲಿ 100, ನಮ್ಮಲ್ಲಿ 230. ಅಡಾಪ್ಟರ್ ಮೇಲೆ ಸಣ್ಣ ಅಕ್ಷರದಲ್ಲಿ 100-240 ಅಂತ ಇದ್ದರೆ ಬರೀ ಪಿನ್ ಬದಲಿಸಿದರೆ ಸಾಕು. 100-120 ಅಂತ ಇದ್ದರೆ ಇಲ್ಲಿ ಚುಚ್ಚಿದ ಕ್ಷಣ ಹೋಯಿತು. ಅಂಥದ್ದಿದ್ದರೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅದೇ ವೋಲ್ಟ್, ಅದೇ ಅಥವಾ ಜಾಸ್ತಿ ಆಂಪಿಯರ್, ಪಿನ್ನಿನ ಪ್ಲಸ್ ಮೈನಸ್ ಅದೇ ಥರ ಇರುವ ಅಡಾಪ್ಟರ್ ಹುಡುಕಿ. ಪ್ಲಸ್ ಮೈನಸ್ ತಿರುವುಮುರುವು ಆಗಿ ಬೋರ್ಡ್ ಸುಟ್ಟದ್ದನ್ನು ನಾನು ಕಂಡಿದ್ದೇನೆ.

ಎರಡನೇದು ಸಾಗಣೆ. ಫ್ಲಾಟ್‌ಬೆಡ್ ಸ್ಕ್ಯಾನರ್ (ಗಾಜಿನ ಮೇಲೆ ಇಟ್ಟು ಸ್ಕ್ಯಾನ್ ಮಾಡುವ ಥರದ್ದು, ವಿ600 ಅಂಥದ್ದೇ) ಒಳಗೆ ಓಡಾಡುವ ಗಾಡಿ ಇರುತ್ತದೆ, ಅದು ಒಂದು ತೆಳು ಬೆಲ್ಟಿನ ಮೇಲೆ ನಿಂತಿರುತ್ತದೆ. ಲಾಕ್ ಇರುವ ಮಾಡೆಲ್ ಆದರೆ ಲಾಕ್ ಹಾಕದೆ ಕಳಿಸಬಾರದು. ಕಳಿಸಿದರೆ ಗಾಡಿ ಓರೆಯಾಗುತ್ತದೆ, ಚಿತ್ರದಲ್ಲಿ ಗೆರೆ ಅಲುಗುತ್ತದೆ. ಇಲ್ಲಿ ಬಂದು ಲಾಕ್ ಬಿಚ್ಚದೆ ಚಾಲೂ ಮಾಡಿದರೂ ಕಷ್ಟ. ಗಿರ್ರ್ ಅಂತ ಸದ್ದು ಬಂದರೆ ತಕ್ಷಣ ಆರಿಸಿ.

ಮೂರನೇದು ವಾರಂಟಿ. ಬಹಳಷ್ಟು ಕಂಪನಿಗಳ ವಾರಂಟಿ ಕೊಂಡ ದೇಶಕ್ಕೆ ಮಾತ್ರ. ಏಳು ಸಾವಿರ ಉಳಿಯಿತು ಅಂತ ತಂದವರು, ಕೆಟ್ಟಾಗ ವಾಪಸ್ ಕಳಿಸುವ ಖರ್ಚು ಕೇಳಿ ಮೂಲೆಗೆ ಇಟ್ಟಿದ್ದಾರೆ. ಮೇಡಂ, ನಿಮ್ಮ ತಂದೆಯವರಿಗೆ ಸಮಯ ಮುಖ್ಯ ಅಂದಿರಿ. ಯಂತ್ರ ಮೂರು ತಿಂಗಳು ನಿಂತರೆ ನಿಮಗೆ ಆಗುವ ನಷ್ಟ ಏಳು ಸಾವಿರದಲ್ಲಿ ತೂಗುವಂಥದ್ದಲ್ಲ. ನನ್ನ ಮಾತು ಇಷ್ಟೇ, ಬಿಲ್ ಕೊಟ್ಟು ಎದುರಿಗೆ ಚಾಲೂ ಮಾಡಿ ತೋರಿಸುವ ಅಂಗಡಿಯಲ್ಲಿ ಇಲ್ಲೇ ಕೊಳ್ಳಿ.

ಕುಡ್ಲ_ಕ್ಲಿಕ್ (ಮಂಗಳೂರು)

ವಾರಂಟಿ ಮಾತು ಹೊಸ ಯಂತ್ರಕ್ಕೆ ಸರಿ ಅಣ್ಣಾ. ಆದರೆ 35 ಎಂ.ಎಂ. ಸ್ಲೈಡ್ ಇರುವವರಿಗೆ, ದೊಡ್ಡ ಪ್ರಿಂಟ್ ಮಾಡುವವರಿಗೆ ಇಲ್ಲಿ ಕೊಳ್ಳಲು ಏನಿದೆ ಹೇಳಿ. ಅಂಥವರಿಗೆ ತರಿಸೋದು ಬಿಟ್ಟು ಬೇರೆ ದಾರಿ ಇಲ್ಲ. ನನ್ನ ಮಾತಿನಲ್ಲಿ ನಾನು ಗಟ್ಟಿ.

ಸ್ಯಾನ್‌ಹೋಸೆ_ಕನ್ನಡಿಗ

ಸೂಟ್‌ಕೇಸಿನಲ್ಲಿ ತರುವ ವಿಷಯ ಹೇಳುತ್ತೇನೆ. ಮಾವನಿಗೆ ಅಂತ ಒಮ್ಮೆ ತಂದಿದ್ದೆ. ವಿ600 ಸುಮಾರು 4 ಕೆಜಿ, ಉದ್ದ 48 ಸೆಂ.ಮೀ. ದಾಟುತ್ತದೆ. ಅದರ ಡಬ್ಬ, ಥರ್ಮಾಕೋಲ್ ಸಮೇತ ಸೂಟ್‌ಕೇಸಿಗೆ ಹಿಡಿಸುವುದಿಲ್ಲ. ಥರ್ಮಾಕೋಲ್ ಬಿಟ್ಟು ಬಟ್ಟೆ ಸುತ್ತಿ ಇಡೋಣ ಅಂದರೆ ಮೇಲಿರೋದು ಗಾಜು. ನಾನು ಅದರದ್ದೇ ಡಬ್ಬವನ್ನು ಇನ್ನೊಂದು ಡಬ್ಬದಲ್ಲಿಟ್ಟು 23 ಕೆಜಿಯ ಒಂದು ಬ್ಯಾಗೇಜ್ ಪೂರ್ತಿ ಅದಕ್ಕೇ ಕೊಟ್ಟೆ. ನಿಮ್ಮ ತಮ್ಮನಿಗೆ ಮಕ್ಕಳಿದ್ದರೆ ಅಷ್ಟು ಜಾಗ ಬಿಡೋದು ಸುಲಭ ಅಲ್ಲ, ಕೇಳಿ ನೋಡಿ.

ಕಸ್ಟಮ್ಸ್‌ನಲ್ಲಿ 2016ರ ಬ್ಯಾಗೇಜ್ ನಿಯಮದ ಪ್ರಕಾರ ಒಬ್ಬರಿಗೆ 50,000 ರೂಪಾಯಿವರೆಗೆ ಸುಂಕ ಇರಲಿಲ್ಲ. ಅದಕ್ಕಿಂತ ಮೇಲಿನದ್ದಕ್ಕೆ ಶೇ. 38.5 ಕಟ್ಟಬೇಕಿತ್ತು. ನಾನು ತಂದಾಗ ಇದೇ ಲೆಕ್ಕ. ಮಿತಿ ಬದಲಾಗುತ್ತದೆ, ಹೊರಡುವ ವಾರ ಕಸ್ಟಮ್ಸ್ ಇಲಾಖೆಯ ಪುಟದಲ್ಲೇ ನೋಡಲಿ. ಒಂದು ತಪ್ಪು ತಿಳಿವಳಿಕೆ ಇದೆ. ಗಂಡ ಹೆಂಡತಿ ಇಬ್ಬರ ಮಿತಿ ಕೂಡಿಸಿ ಒಂದೇ ವಸ್ತುವಿಗೆ ಬಳಸಲು ಆಗುವುದಿಲ್ಲ. ಬೇರೆ ಉಡುಗೊರೆಗಳೂ ಅದೇ ಮಿತಿಯೊಳಗೆ ಬರಬೇಕು. ಬಿಲ್ ಕೈಯಲ್ಲಿರಲಿ.

ನಿಜ ಹೇಳಬೇಕೆಂದರೆ, ಸ್ಕ್ಯಾನರ್‌ಗಿಂತ ಸಣ್ಣ ಸಾಮಾನು ಹೊರಗಿನಿಂದ ತರಿಸೋದು ಲಾಭ. ನ್ಯೂಟನ್ ರಿಂಗ್ ಬಾರದ ಗಾಜು, 120ರ ಒಳ್ಳೆ ಹೋಲ್ಡರ್, ನೆಗೆಟಿವ್ ಇಡುವ ಕವರ್ ಹಾಳೆ. ಹಗುರ, ಕೆಡುವುದಿಲ್ಲ, ಊರಲ್ಲಿ ಸಿಗೋದು ಕಷ್ಟ.

ಸ್ಟುಡಿಯೋ_ಮಗಳು (ಸಾಗರ)

ನ್ಯೂಟನ್ ರಿಂಗ್ ಅಂದರೆ?

ನೆಗೆಟಿವ್_ಪ್ರೀತಿ (ಬೆಂಗಳೂರು)

ಬಾಗಿದ ಫಿಲ್ಮ್ ಗಾಜಿಗೆ ತಾಗಿದ ಕಡೆ ನೀರಿನ ಮೇಲೆ ಎಣ್ಣೆ ಬಿದ್ದ ಹಾಗೆ ಉಂಗುರ ಉಂಗುರ ಕಾಣುತ್ತದೆ. ಮಲೆನಾಡಿನ ಫಿಲ್ಮ್ ಬಾಗಿರುತ್ತದೆ, ನಿಮಗೆ ಬರುವುದು ಖಂಡಿತ. ಅವರು ತರಿಸಿ ಅಂದ ಗಾಜಿನ ಮೈ ಸ್ವಲ್ಪ ತರಿತರಿ ಇರುವುದರಿಂದ ಉಂಗುರ ಬರುವುದಿಲ್ಲ.

ಮೈಸೂರು_ಮ್ಯಾಕ್ರೋ

35 ಎಂ.ಎಂ.ಗೆ ಬೇರೆ ದಾರಿ ಅಂದಿದ್ದರಲ್ಲ, ಅದನ್ನು ನಾನು ಹೇಳುತ್ತೇನೆ. ಮನೆಯಲ್ಲಿ ಯಾರ ಹತ್ತಿರವಾದರೂ ಡಿಜಿಟಲ್ ಎಸ್‌ಎಲ್‌ಆರ್ ಇದ್ದರೆ ಒಂದು ಮ್ಯಾಕ್ರೋ ಲೆನ್ಸ್ (ತೀರಾ ಹತ್ತಿರದಿಂದ ತೆಗೆಯುವ ಲೆನ್ಸ್) ಎರವಲು ತನ್ನಿ. ಕೆಳಗೆ ಎಲ್‌ಇಡಿ ಬೆಳಕಿನ ಹಲಗೆ, ಅದರ ಮೇಲೆ ನೆಗೆಟಿವ್, ಮೇಲಿನಿಂದ ಕ್ಯಾಮೆರಾ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಬರುವ ವಿವರ ಫ್ಲಾಟ್‌ಬೆಡ್‌ಗಿಂತ ಎಷ್ಟೋ ಮೇಲು. ಕೈ ಕೂತ ಮೇಲೆ ಒಂದು ರೋಲ್ ಹತ್ತು ನಿಮಿಷ. 300 ರೋಲ್ 50 ಗಂಟೆಗೆ ಮುಗಿಯುತ್ತದೆ.

ಬೆಳಕಿನ ಹಲಗೆ ಕೊಳ್ಳುವಾಗ ಸಿಆರ್‌ಐ (ಆ ಬೆಳಕಿನಲ್ಲಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಂಕ) 95 ಅಥವಾ ಮೇಲೆ ಇರುವುದನ್ನೇ ಕೊಳ್ಳಿ, ಇಲ್ಲದಿದ್ದರೆ ಮುಖದ ಬಣ್ಣ ಹಾಳಾಗುತ್ತದೆ. ಕ್ಯಾಮೆರಾ ನೆಟ್ಟಗಿದೆಯಾ ಅಂತ ನೋಡಲು ನೆಗೆಟಿವ್ ಇಡುವ ಜಾಗದಲ್ಲಿ ಸಣ್ಣ ಕನ್ನಡಿ ಇಡಿ. ಲೆನ್ಸಿನ ಪ್ರತಿಬಿಂಬ ಸರಿಯಾಗಿ ಚಿತ್ರದ ನಡುವೆ ಬರಬೇಕು. ಕೋಣೆಯ ದೀಪ ಆರಿಸಿ.

ಒಂದೇ ಕೊರತೆ, ಸ್ಕ್ಯಾನರ್‌ನ ಡಿಜಿಟಲ್ ಐಸ್ ಇದರಲ್ಲಿಲ್ಲ. ಅದು ಇನ್‌ಫ್ರಾರೆಡ್ ಬೆಳಕಿನಲ್ಲಿ ದೂಳನ್ನು ಗುರುತಿಸಿ ಅಳಿಸುವ ವ್ಯವಸ್ಥೆ. ಆದರೆ ನಿಮ್ಮ ಕಪ್ಪು ಬಿಳುಪು ನೆಗೆಟಿವ್‌ಗೆ ಅದು ಹೇಗೂ ನಡೆಯುವುದಿಲ್ಲ. ಆ ಫಿಲ್ಮಿನಲ್ಲಿ ಚಿತ್ರವೇ ಬೆಳ್ಳಿಯದು, ಬೆಳ್ಳಿ ಇನ್‌ಫ್ರಾರೆಡ್‌ಗೆ ಅಡ್ಡ ಬರುತ್ತದೆ, ಯಂತ್ರ ಮುಖವನ್ನೇ ದೂಳು ಅಂದುಕೊಳ್ಳುತ್ತದೆ. ಆ ಆಯ್ಕೆಯನ್ನು ಆಫ್ ಮಾಡಿಯೇ ಸ್ಕ್ಯಾನ್ ಮಾಡಿ.

ಇನ್ನೊಂದು, ಬೂಷ್ಟು ಹಿಡಿದದ್ದನ್ನು ನೀರಲ್ಲಿ ತೊಳೆಯಲೇಬೇಡಿ. ಬೂಷ್ಟು ತಿಂದ ಜೆಲಟಿನ್ ನೀರಿಗೆ ಕರಗುತ್ತದೆ, ಚಿತ್ರವೇ ಜಾರಿ ಹೋಗುತ್ತದೆ. ಮೊದಲು ಬೇರೆ ಕವರಿಗೆ ಹಾಕಿ, ಉಳಿದವಕ್ಕೆ ಹರಡದ ಹಾಗೆ ಸಿಲಿಕಾ ಜೆಲ್ ಜೊತೆ ಒಣ ಡಬ್ಬಿಯಲ್ಲಿಡಿ. ಮತ್ತೆ, ತಂದೆಯವರು ನೆಗೆಟಿವ್ ಮೇಲೆ ಪೆನ್ಸಿಲಿನಲ್ಲಿ ರೀಟಚಿಂಗ್ ಮಾಡುತ್ತಿದ್ದರಾ? ಮಾಡುತ್ತಿದ್ದರೆ ಮಂಕಾದ ಬದಿಯನ್ನು ಯಾವುದರಿಂದಲೂ ಒರೆಸಬೇಡಿ. ಬ್ಲೋವರ್‌ನಿಂದ ಗಾಳಿ ಊದಿ ಅಷ್ಟೇ.

ಸ್ಟುಡಿಯೋ_ಮಗಳು (ಸಾಗರ)

ಅಪ್ಪನನ್ನು ಕೇಳಿದೆ. "ಮಾಡದೆ ಇರುತ್ತೇವಾ? ಕಣ್ಣ ಕೆಳಗಿನ ಕಪ್ಪು, ಮೊಡವೆ ಕಲೆ ಎಲ್ಲ ಪೆನ್ಸಿಲ್ಲೇ. ರಾತ್ರಿ ಎರಡು ಗಂಟೆ ತನಕ ಕೂರುತ್ತಿದ್ದೆ" ಅಂದರು. ನಾನು ನಾಳೆ ಎಲ್ಲವನ್ನೂ ಸ್ಪಿರಿಟ್‌ನಲ್ಲಿ ಒರೆಸುವವಳಿದ್ದೆ! ಮ್ಯಾಕ್ರೋ ಸರ್, ನೀವು ಕೇಳಿದ್ದು ದೊಡ್ಡ ಉಪಕಾರ.

ತೀರ್ಮಾನ ಮಾಡಿದೆ. ವಿ600 ಬೆಂಗಳೂರಿನಲ್ಲೇ ಕೊಳ್ಳುತ್ತೇನೆ, ಬರೀ ಚೌಕದ ನೆಗೆಟಿವ್‌ಗೆ. 35 ಎಂ.ಎಂ.ಗೆ ಅಣ್ಣನ ಮಗನ ಕ್ಯಾಮೆರಾ. ನ್ಯೂಜೆರ್ಸಿ ತಮ್ಮನಿಗೆ ಗಾಜು, ಕವರ್ ಹಾಳೆ ಮಾತ್ರ ಹೇಳಿದೆ. ಅವನಿಗೂ ನಿರಾಳ ಆಯಿತು ಅನ್ನಿಸುತ್ತದೆ, "ಅಕ್ಕಾ, ಗಾಜು ಎಷ್ಟು ಬೇಕಾದರೂ ತರುತ್ತೇನೆ" ಅಂದ.

ಸರ್ವಿಸ್_ಬೆಂಚ್ (ಹುಬ್ಬಳ್ಳಿ)

ಒಳ್ಳೇದು ಮೇಡಂ. ಅಂಗಡಿಯಲ್ಲಿ ಏನೂ ಇಡದೆ ಒಂದು ಖಾಲಿ ಸ್ಕ್ಯಾನ್ ಫಿಲ್ಮ್ ಮೋಡಿನಲ್ಲಿ ಮಾಡಿಸಿ. ಮೇಲಿನಿಂದ ಕೆಳಗೆ ಉದ್ದ ಗೆರೆ ಕಂಡರೆ ಬೇಡ ಅನ್ನಿ. ನಿಮ್ಮದೇ ಒಂದು ನೆಗೆಟಿವ್ ಒಯ್ದು ಮಾಡಿ ನೋಡಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ.

ಸ್ಟುಡಿಯೋ_ಮಗಳು (ಸಾಗರ), ಮೂರು ವಾರ ಬಿಟ್ಟು

ಬಂದು ಹೇಳಬೇಕು ಅನ್ನಿಸಿತು. ಅಂಗಡಿಯಲ್ಲಿ ಬಿಚ್ಚಿದ ಮೊದಲ ಯಂತ್ರದಲ್ಲಿ ಬೆಂಚ್ ಸರ್ ಹೇಳಿದ ಅದೇ ಗೆರೆ ಬಂತು. ಗಾಜಿನ ಒಳಗಡೆ ಎಳೆ ದೂಳು. ನಾನು ತೋರಿಸಿದೆ, ಅವರು ಮಾತಾಡದೆ ಇನ್ನೊಂದು ಡಬ್ಬ ಬಿಚ್ಚಿದರು. ಎರಡನೇದು ಸರಿ ಇತ್ತು. ಇದೇ ಸೂಟ್‌ಕೇಸಿನಲ್ಲಿ ಬಂದಿದ್ದರೆ ಏನು ಮಾಡುತ್ತಿದ್ದೆ ಅಂತ ಬಸ್ಸಿನಲ್ಲಿ ಬರುವಾಗೆಲ್ಲ ಯೋಚನೆ.

ಇಲ್ಲಿಯವರೆಗೆ 212 ಚೌಕದ ನೆಗೆಟಿವ್ ಆಗಿವೆ. ಟಿವಿಗೆ ಹಾಕಿ ಅಪ್ಪನಿಗೆ ತೋರಿಸುತ್ತೇನೆ, ಅವರು ಹೇಳುತ್ತಾರೆ, ನಾನು ಬರೆಯುತ್ತೇನೆ. ನಿನ್ನೆ 1978ರ ಒಂದು ಮದುಮಗಳ ಫೋಟೋ. ಹೆಸರು ನೆನಪಾಗಲಿಲ್ಲ ಅವರಿಗೆ. ಟಿವಿ ಹತ್ತಿರ ಹೋಗಿ, ಕೆನ್ನೆಯ ಮೇಲೆ ಸಣ್ಣ ಸಣ್ಣ ಗೀರು ಇದೆಯಲ್ಲ, ಅದನ್ನು ಬೆರಳಲ್ಲಿ ಮುಟ್ಟಿ, "ಇದು ನನ್ನ ಪೆನ್ಸಿಲ್, ಇವಳಿಗೆ ಸಿಡುಬಿನ ಕಲೆ ಇತ್ತು" ಅಂದರು. ಆಮೇಲೆ ಹೆಸರೂ ಬಂತು.

ಸ್ಕ್ಯಾನ್‌ನಲ್ಲಿ ಆ ಗೀರು ಎದ್ದು ಕಾಣುತ್ತದೆ. ಕಂಪ್ಯೂಟರ್‌ನಲ್ಲಿ ಅಳಿಸಬೇಕಾ, ಹಾಗೇ ಬಿಡಬೇಕಾ?

ಮೈಸೂರು_ಮ್ಯಾಕ್ರೋ

ಮೂಲ ಫೈಲನ್ನು ಟಿಫ್ (ಚಿತ್ರದ ವಿವರ ಕಳೆಯದ ಫೈಲ್ ರೂಪ) ಆಗಿ, ಏನೂ ಮುಟ್ಟದೆ ಇಟ್ಟುಕೊಳ್ಳಿ ಅಕ್ಕ. ಆ ಮನೆಯವರಿಗೆ ಪ್ರಿಂಟ್ ಕೊಡುವುದಾದರೆ ಬೇರೆ ಪ್ರತಿಯಲ್ಲಿ ತಿದ್ದಿ. ಎರಡು ಹಾರ್ಡ್ ಡಿಸ್ಕ್, ಎರಡು ಮನೆ. ಒಂದು ನಿಮ್ಮಲ್ಲಿ, ಇನ್ನೊಂದು ಅಣ್ಣನ ಮನೆಯಲ್ಲಿ ಇರಲಿ.

ಕುಡ್ಲ_ಕ್ಲಿಕ್ (ಮಂಗಳೂರು)

35 ಎಂ.ಎಂ.ನಲ್ಲಿ ತೀರಾ ಮುಖ್ಯವಾದವು ಒಂದಿಪ್ಪತ್ತು ಮೂವತ್ತು ಫ್ರೇಮ್ ಇದ್ದರೆ ಆರಿಸಿಡಿ ಅಕ್ಕಾ. ದೀಪಾವಳಿ ಕಳೆದು ಸಾಗರದ ಕಡೆ ಬರುವವನಿದ್ದೇನೆ. ನಿಕಾನ್ ಕಾರಿನಲ್ಲಿ ಹಾಕಿಕೊಂಡು ಬರುತ್ತೇನೆ, ನಿಮ್ಮ ಮನೆಯಲ್ಲೇ ಕೂತು ಮಾಡೋಣ. ಅಪ್ಪನವರನ್ನೂ ನೋಡಿದ ಹಾಗಾಗುತ್ತದೆ.

ಸ್ಟುಡಿಯೋ_ಮಗಳು (ಸಾಗರ)

ಬನ್ನಿ ತಮ್ಮಾ, ಊಟಕ್ಕೇ ಬನ್ನಿ. ಅಪ್ಪ ಈಗಲೇ ಕವರ್ ತೆಗೆದು ಆರಿಸಲು ಕೂತಿದ್ದಾರೆ.